ಪಗಾರಕ್ಕೆ ಸಂಚಕಾರ

ವಾಡಿ ಜಂಕ್ಷನ್ ಹೊರಗಿನ ಚಹಾದಂಗಡಿ ಮುಂದೆ ಬೆಳಿಗ್ಗೆ ಒಂಬತ್ತೂಕಾಲಿಗೆ ಹೋಗಿ ನಿಂತು ನೋಡ್ರಿ. ರಾತ್ರಿ ಪಾಳಿ ಮುಗಿಸಿ ಬಂದ ಹುಡುಗರ ಅಂಗಿ ಮೇಲೆ ಸಿಮೆಂಟಿನ ಧೂಳು ಹಾಗೇ ಇರುತ್ತದೆ. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಮೊಬೈಲು. ಸಿನಿಮಾ ಅಲ್ಲ, ಕ್ರಿಕೆಟ್ಟೂ ಅಲ್ಲ. ಕೆಂಪು, ಹಸಿರು ಕಡ್ಡಿಗಳು ಏರುತ್ತವೆ, ಇಳಿಯುತ್ತವೆ. "ಏನ್ ತಮ್ಮಾ ಇದು?" ಅಂದರೆ, "ಆಪ್ಷನ್ ರೀ ಅಣ್ಣಾ. ಕಲೀಲಿಕತ್ತೀನಿ. ಬರೇ ಎರಡು ಸಾವಿರ ಹಚ್ಚೀನಿ" ಎಂಬ ಉತ್ತರ.

ವಾಡಿಯೊಂದೇ ಅಲ್ಲ. ಶಹಾಬಾದಿನ ಫರಸಿಕಲ್ಲಿನ ಖಣಿ, ಸೇಡಂ ಬಸ್ ನಿಲ್ದಾಣ, ಚಿತ್ತಾಪುರದ ಕಾಲೇಜು ಕಟ್ಟೆ, ರೈಲೇ ಕಾಣದ ಚಿಂಚೋಳಿಯ ತೊಗರಿ ಹೊಲದ ಬದು, ಎಲ್ಲಿ ಹೋದರೂ ಇದೇ ಮಾತು. ಹಾಗಾದರೆ ಈ ಆಪ್ಷನ್ ಅಂದರೆ ಏನು? ಕಲಿಯಲು ಹೊರಟವರಲ್ಲಿ ಎಷ್ಟು ಮಂದಿಗೆ ಅದು ಗೊತ್ತು?

ನಮ್ಮ ಅಡತ್ ಅಂಗಡಿಯ ಭಾಷೆಯಲ್ಲೇ ಹೇಳೋಣ. ತೊಗರಿ ಕ್ವಿಂಟಲಿಗೆ 8,000 ರೂಪಾಯಿ ಇದೆ ಎನ್ನಿ. ದರ ಏರುತ್ತದೆಂಬ ಆಸೆ ನಿಮಗೆ. ಸಾಹುಕಾರನಿಗೆ 200 ರೂಪಾಯಿ ಸಂಚಕಾರ ಕೊಟ್ಟು, "ಬರುವ ಮಂಗಳವಾರದ ತನಕ 8,000ಕ್ಕೇ ಕೊಳ್ಳುವ ಹಕ್ಕು ನನ್ನದು" ಎಂದು ಮಾತು ಮಾಡಿಕೊಳ್ಳುತ್ತೀರಿ. ಇದೇ ಕಾಲ್ ಆಪ್ಷನ್. ಇಂಥ ದರಕ್ಕೇ ಮಾರುವ ಹಕ್ಕು ಪಡೆದರೆ ಅದು ಪುಟ್. ಪೇಟೆಯವರು ಪ್ರೀಮಿಯಂ ಅನ್ನುವುದು ಈ ಸಂಚಕಾರಕ್ಕೇ.

ಈಗ ಲೆಕ್ಕ ಹಾಕ್ರಿ. ಮಂಗಳವಾರ ದರ 8,150 ಆಯಿತು. ನಿಮ್ಮ ಊಹೆ ಖರೆ ಆಯಿತು, ಆದರೂ 50 ರೂಪಾಯಿ ಲುಕ್ಸಾನು! ಬಂದದ್ದು 150, ಕೊಟ್ಟದ್ದು 200. ದರ 8,000ದಲ್ಲೇ ನಿಂತರೆ ಇಡೀ ಸಂಚಕಾರ ಹೋಯಿತು. ಬುಧವಾರ ದರ 9,000 ಆದರೂ ಉಪಯೋಗವಿಲ್ಲ, ಗಡುವು ಮುಗಿದಿದೆ. ಅಂದರೆ ಕೊಂಡವನು ದಿಕ್ಕನ್ನೂ ಸರಿಯಾಗಿ ಹೇಳಬೇಕು, ಎಷ್ಟು ಏರುತ್ತದೆಂದೂ ಹೇಳಬೇಕು, ಯಾವಾಗ ಏರುತ್ತದೆಂದೂ ಹೇಳಬೇಕು. ದಿನ ಹೋದಂತೆ ಅವನ ಹಕ್ಕಿನ ಬೆಲೆ ಬಿಸಿಲಿಗಿಟ್ಟ ಐಸ್‌ಕ್ಯಾಂಡಿಯ ಹಾಗೆ ಕರಗುತ್ತದೆ. ಮೇಲೆ ದಲ್ಲಾಳಿ, ತೆರಿಗೆ ಬೇರೆ.

"ಹಂಗಾದ್ರ ನಾವೇ ಸಂಚಕಾರ ತಗೊಳ್ಳೋಣ" ಎನ್ನುವ ಜಾಣರೂ ಇದ್ದಾರೆ. ಅದು ಇನ್ನೂ ದೊಡ್ಡ ಗಂಡಾಂತರ. ಸಿಗುವುದು ಆ 200 ಮಾತ್ರ, ದರ ಹುಚ್ಚೆದ್ದು ಏರಿದರೆ ಕೊಡಬೇಕಾದ್ದಕ್ಕೆ ಲೆಕ್ಕವಿಲ್ಲ.

ಆಪ್ಷನ್ ಅನ್ನುವುದೇ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಕೋಟಿಗಟ್ಟಲೆ ಶೇರು ಇಟ್ಟವನಿಗೆ ಅದು ವಿಮೆ ಇದ್ದ ಹಾಗೆ. ಆದರೆ ಮನೆಯೇ ಇಲ್ಲದವನು ಮನೆಗೆ ವಿಮೆ ಮಾಡಿಸಿದರೆ ಅದಕ್ಕೆ ಏನನ್ನಬೇಕು? ಮಳಖೇಡದ ಕಾರ್ಖಾನೆಯ ಕಾರ್ಮಿಕ ಅಲ್ಟ್ರಾಟೆಕ್‌ನ ಒಂದೇ ಒಂದು ಶೇರು ಕೊಂಡರೂ, ತಾನು ಬೆವರು ಸುರಿಸುವ ಆ ಭಟ್ಟಿಯಲ್ಲಿ ಎಳ್ಳಿನಷ್ಟು ಪಾಲು ಅವನದಾಗುತ್ತದೆ. ದರ ಇಳಿದರೂ ಪಾಲು ಇರುತ್ತದೆ. ಆಪ್ಷನ್ ಕೊಂಡವನ ಕೈಯಲ್ಲಿ ಗಡುವಿನ ಮರುದಿನ ಏನೂ ಉಳಿಯದಿರಬಹುದು.

ಇದು ನಮ್ಮ ಬಾಯಿಮಾತಲ್ಲ. ಶೇರು ಪೇಟೆಯ ಕಾವಲುಗಾರ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಲೆಕ್ಕ ಹೊರಹಾಕಿತು. 2021ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ ಆಡಿದ ಬಿಡಿ ಮಂದಿಯಲ್ಲಿ ನೂರಕ್ಕೆ 93 ಜನ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ನೂರಕ್ಕೆ ಒಬ್ಬರು. ಆಡುವವರಲ್ಲಿ ನೂರಕ್ಕೆ 72ಕ್ಕೂ ಹೆಚ್ಚು ಮಂದಿ ದೇಶದ ದೊಡ್ಡ 30 ನಗರಗಳ ಹೊರಗಿನವರು, ಅಂದರೆ ನಮ್ಮಂಥ ಊರವರು. ಹೋದ ರೊಕ್ಕ ಎಲ್ಲಿಗೆ ಹೋಯಿತು? 2023-24ರಲ್ಲಿ ಸ್ವಂತ ಹಣ ಹೂಡಿ ಆಡುವ ದೊಡ್ಡ ಸಂಸ್ಥೆಗಳು 33,000 ಕೋಟಿ, ವಿದೇಶಿ ಹೂಡಿಕೆದಾರರು 28,000 ಕೋಟಿ ಗಳಿಸಿದರು. ಅವರ ಪರವಾಗಿ ಆಡುವುದು ಹೆಚ್ಚಾಗಿ ಕಂಪ್ಯೂಟರು. ಅದರ ಎದುರು ನಿದ್ದೆಗೆಟ್ಟ ನಮ್ಮ ಹುಡುಗ!

2024ರ ನವೆಂಬರಿನಿಂದ ಸೆಬಿ ನಿಯಮ ಬಿಗಿ ಮಾಡಿತು. ಹೊಸ ಕರಾರಿನ ಕನಿಷ್ಠ ಗಾತ್ರ 15 ಲಕ್ಷಕ್ಕೆ ಏರಿತು. ಆದರೂ 2024-25ರಲ್ಲಿ ಬಿಡಿ ಮಂದಿಯ ನಷ್ಟ 1,05,603 ಕೋಟಿ. ಸೋತವರು ನೂರಕ್ಕೆ 91.

ಈ ಅಂಕಣ ಬರೆಯುವವನೂ ಸಾಚಾ ಅಲ್ಲ. 2023ರ ದೀಪಾವಳಿ ಮುಂಚೆ 3,000 ರೂಪಾಯಿ ಫೀ ಕಟ್ಟಿ ಒಬ್ಬ "ಗುರು"ವಿನ ಮೊಬೈಲ್ ಗುಂಪು ಸೇರಿದ್ದೆ. ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ "ಇದಕ್ಕ ಡಿಗ್ರಿ ಬೇಕಿಲ್ಲ" ಎಂಬ ಮಾತು ಬೆಲ್ಲದ ಹಾಗೆ ರುಚಿಸಿತು. ಮೊದಲ ವಾರ 1,400 ಲಾಭ. ಐದನೇ ವಾರಕ್ಕೆ 22,000 ಖಲಾಸ್. ಅದು ಮಗಳ ಶಾಲೆಯ ರೊಕ್ಕ. ಮನೆಯಲ್ಲಿ ಹೇಳಲು ಹದಿನೈದು ದಿನ ಬಾಯಿ ಬರಲಿಲ್ಲ. ಗುರುವಿಗೆ ಮಾತ್ರ ಲುಕ್ಸಾನಿಲ್ಲ, ಅವನ ಗಳಿಕೆ ಆಪ್ಷನ್ನಿನದಲ್ಲ, ಫೀಯದು.

ಹಿಂದೆ ನ್ಯೂಯಾರ್ಕಿನ ಹತ್ತಿ ಪೇಟೆಯ ಓಪನ್, ಕ್ಲೋಸ್ ದರದ ಮೇಲೆ ಮುಂಬೈಯಲ್ಲಿ ಕಟ್ಟುತ್ತಿದ್ದ ಬಾಜಿಯಿಂದಲೇ ಮಟ್ಕಾ ಹುಟ್ಟಿತು. ಮಟ್ಕಾ ಬರೆಯುವವನನ್ನು ಹಿಡಿಯಲು ಕರ್ನಾಟಕ ಪೊಲೀಸ್ ಕಾಯ್ದೆಯ 78(3) ಕಲಮು ಇದೆ. ಲಾಟರಿಯನ್ನು 2007ರಲ್ಲೇ ಸರ್ಕಾರ ಬಂದ್ ಮಾಡಿತು. ಆಪ್ಷನ್ ಹಾಗಲ್ಲ, ಕಾನೂನಿನ ಮುದ್ರೆ ಇರುವ ವ್ಯವಹಾರ. ಯಾವ ಪೊಲೀಸರೂ ಬಂದು ತಡೆಯುವುದಿಲ್ಲ. ನಿಮಗೆ ನೀವೇ ಪೊಲೀಸರು.

ಕಲಿಯಲೇಬೇಕೆಂಬ ಹಟ ಇದ್ದರೆ ಹತ್ತು ರೂಪಾಯಿಯ ನೋಟ್‌ಬುಕ್ ಕೊಳ್ಳಿ. ಆರು ತಿಂಗಳು ಕಾಗದದ ಮೇಲೆ ಆಡಿ. ಬೆಳಿಗ್ಗೆ ಇಂಥದ್ದು ಕೊಂಡೆ ಎಂದು ಬರೆಯಿರಿ, ಸಂಜೆ ಖರ್ಚು ಸೇರಿಸಿ ಲೆಕ್ಕ ಹಾಕಿ. ಹಾಳೆಯಲ್ಲೇ ಸೋತವನು ಪೇಟೆಯಲ್ಲಿ ಗೆದ್ದಾನೆಯೇ? ಕೈಗಡ ತಂದು, ಬಂಗಾರ ಅಡವಿಟ್ಟು ಎಂದೂ ಆಡಬೇಡಿ. ಸಲಹೆ ಕೊಡುವವನು ಸೆಬಿಯಲ್ಲಿ ನೋಂದಾಯಿಸಿದ್ದಾನೆಯೇ ಎಂದು 1800 22 7575ಕ್ಕೆ ಫೋನ್ ಮಾಡಿ ಕೇಳಿ. ಮೋಸ ಹೋದರೆ ತಡ ಮಾಡದೆ 1930ಕ್ಕೆ ತಿಳಿಸಿ.

ನಮ್ಮ ಮುಖಂಡರಿಗೂ ಒಂದು ಮಾತು. ಕಾರ್ಖಾನೆ ಗೇಟಿನಲ್ಲಿ ಬೋನಸ್‌ಗಾಗಿ ಘೋಷಣೆ ಕೂಗುವ ಕಾರ್ಮಿಕ ಸಂಘದವರು ಆ ಬೋನಸ್ ಮುಂದೆ ಎಲ್ಲಿಗೆ ಹೋಗುತ್ತದೆ ಎಂದೂ ಒಮ್ಮೆ ವಿಚಾರಿಸಲಿ. ಬ್ಯಾಂಕಿನವರು, ಕಾಲೇಜಿನವರು ಸೇರಿ ಈ ಐದೂ ಊರುಗಳಲ್ಲಿ ಕನ್ನಡದಲ್ಲಿ ಒಂದೊಂದು ದಿನದ ಪಾಠ ಏರ್ಪಡಿಸಿದರೆ ಗಂಟೇನೂ ಹೋಗದು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?

ಅಲ್ಲಿಯ ತನಕ ಚಹಾದಂಗಡಿಯ ಆ ತಮ್ಮನಿಗೆ ನಮ್ಮ ಮಾತು ಇಷ್ಟೇ: "ಬರೇ ಎರಡು ಸಾವಿರ" ಅನಬ್ಯಾಡ. ಅದು ಎಷ್ಟು ಪಾಳಿಯ ದುಡಿಮೆ ಅಂತ ಮೊದಲು ಎಣಿಸು. ಆಮ್ಯಾಲ ಮೊಬೈಲ್ ತೆಗಿ.