ಸತ್ತವನ ಸೈಕಲ್ಲಿನ ಮೇಲೆ ತಪ್ಪು ಹೊರಿಸುವವರಿಗೆ

2024ರ ಫೆಬ್ರವರಿ 2ರಂದು ಬೆಂಗಳೂರಿನ ಶ್ರೀ ಅನಿಲ್ ಕಡ್ಸೂರ್ ಹಠಾತ್ತನೆ ತೀರಿಕೊಂಡರು. ವಯಸ್ಸು 45. ದಿನಕ್ಕೆ 100 ಕಿಲೋಮೀಟರಿನಂತೆ 42 ತಿಂಗಳು ಬಿಡದೆ ಸೈಕಲ್ ತುಳಿದವರು, ಹತ್ತಾರು ಜನರಿಗೆ ಸೈಕಲ್ಲಿನ ಹುಚ್ಚು ಹಿಡಿಸಿದವರು. ಹೃದಯಾಘಾತವೆಂದು ಪತ್ರಿಕೆಗಳು ಬರೆದವು. ಜೊತೆಗೆ ತುಳಿದ ಗೆಳೆಯರ ಕಣ್ಣೀರು ಆರುವ ಮೊದಲೇ ಪಂಡಿತರ ತೀರ್ಪು ಹೊರಬಿತ್ತು: ಸೈಕಲ್ ತುಳಿದು ಸತ್ತ!

ಈ ತೀರ್ಪು ಬೆಂಗಳೂರಿಗಷ್ಟೇ ಸೇರಿದ್ದಲ್ಲ. ಶ್ರೀರಂಗಪಟ್ಟಣದ ಕಾಫಿ ಹೋಟೆಲಿನಲ್ಲೂ ಕೃಷ್ಣರಾಜಪೇಟೆಯ ಸಂತೆಯಲ್ಲೂ ಇದೇ ಮಾತು. ಭಾನುವಾರ ಪಾಂಡವಪುರದ ದಾರಿಯಲ್ಲಿ ಬಣ್ಣದ ಅಂಗಿ ತೊಟ್ಟು ಗುಂಪಾಗಿ ಹೋಗುವವರನ್ನು ಕಂಡು ನಗುವ ಮಹನೀಯರು, ಅದೇ ದಾರಿಯಲ್ಲಿ ಬುತ್ತಿ ಕಟ್ಟಿಕೊಂಡು ಪಾಳಿಗೆ ಹೋಗುವ ಕಾರ್ಮಿಕನನ್ನೂ, ಹಿಂದೆ ಮೂಟೆ ಕಟ್ಟಿಕೊಂಡು ಹಳ್ಳಿ ತಿರುಗುವ ಚಿಲ್ಲರೆ ವ್ಯಾಪಾರಿಯನ್ನೂ ನೋಡಿಯೇ ಇಲ್ಲವೇನೋ. ಇವರಿಗೆ ಸೈಕಲ್ ಶೋಕಿಯಲ್ಲ, ಹೊಟ್ಟೆಪಾಡು. ಇವರಲ್ಲೊಬ್ಬ ಎದೆ ಹಿಡಿದುಕೊಂಡು ಬಿದ್ದರೂ ತಪ್ಪು ಸೈಕಲ್ಲಿನದೇ, ಇಲ್ಲವೆ ಹಣೆಬರಹದ್ದು. ತಪ್ಪು ಸತ್ತವನ ತಲೆಗೆ ಬಿದ್ದರೆ ಬದುಕಿರುವ ಅಧಿಕಾರಸ್ಥರು ಯಾರೂ ಉತ್ತರ ಹೇಳಬೇಕಾಗಿಲ್ಲವಷ್ಟೆ!

ದೇಹಕ್ಕೆ ವಿಶ್ರಾಂತಿ ಬೇಕು, ಎದೆಯಲ್ಲಿ ನೋವು ಕಾಣಿಸಿದ ಮೇಲೆ ಪೆಡಲಿನ ಮೇಲೆ ಕಾಲಿಡಬಾರದು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದುಡಿಯುವ ದೇಹವೇ ಹೃದಯದ ಶತ್ರು ಎನ್ನುವುದು ಶುದ್ಧ ಸುಳ್ಳು. ಲಂಡನ್ ನಗರದ ಬಸ್ಸುಗಳಲ್ಲಿ ಕೆಲಸ ಮಾಡುವವರನ್ನು ಡಾಕ್ಟರ್ ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿ 1953ರಲ್ಲಿ ಪ್ರಕಟಿಸಿದ ವರದಿಯನ್ನು ಕಾರ್ಮಿಕರೆಲ್ಲ ತಿಳಿಯಬೇಕು. ಅಲ್ಲಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಿಗಿಂತ ಕುಳಿತೇ ಇರುತ್ತಿದ್ದ ಡ್ರೈವರುಗಳಿಗೆ ಹೃದಯಾಘಾತ ಹೆಚ್ಚು. ಕಂಪನಿ ಒಂದೇ, ಬಸ್ಸು ಒಂದೇ. ಕುಳಿತವನ ಎದೆ ಮೊದಲು ಸೋತಿತು.

2025ರಲ್ಲಿ ನಮ್ಮ ನೆರೆಯ ಹಾಸನದಲ್ಲಿ ಏನಾಯಿತು? ಹಠಾತ್ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದು ಜನ ಕಂಗಾಲಾದರು. ಸರ್ಕಾರ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಗಾಬರಿಪಡುವಂಥ ಏರಿಕೆ ಇಲ್ಲವೆಂದು ಸಮಿತಿ ಹೇಳಿತು. ಸತ್ತವರಲ್ಲಿ ಆಟೋ, ಟ್ಯಾಕ್ಸಿ ಓಡಿಸುವವರು ಎದ್ದು ಕಾಣುತ್ತಿದ್ದರು. ಹೊತ್ತಿಗೆ ಊಟವಿಲ್ಲ, ನಿದ್ದೆಯಿಲ್ಲ, ಹೊಗೆಯ ನಡುವೆ ದಿನವಿಡೀ ಕೂತ ಬದುಕು. ಆ ಜುಲೈನಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಿಂದಲೇ ಜನ ಸಾಲುಗಟ್ಟಿ ನಿಂತರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಆಸ್ಪತ್ರೆಗಳ ಮುಂದೆ ಹೀಗೆಯೇ ನೂಕುನುಗ್ಗಲು. ಆಗಲೂ ಪಂಡಿತರು ವ್ಯಾಯಾಮವನ್ನೇ ಕಟಕಟೆಗೆ ಹತ್ತಿಸಿದ್ದರು.

ಪ್ರಶ್ನೆ ಇರುವುದು ಬೇರೆ ಕಡೆ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಮೊದಲ ಗಂಟೆಯೇ ಗಂಟೆ. ತಡವಾದಷ್ಟೂ ಹೃದಯದ ಮಾಂಸ ಸಾಯುತ್ತ ಹೋಗುತ್ತದೆ. ಆ ಗಂಟೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿದೆಯೆ? ಶ್ರೀರಂಗಪಟ್ಟಣದವನಿಗೆ ಮೈಸೂರು ಸುಮಾರು 15 ಕಿಲೋಮೀಟರು. ಕೃಷ್ಣರಾಜಪೇಟೆಯವನಿಗೆ 50ಕ್ಕೂ ಮೇಲೆ. ನಾಗಮಂಗಲದ ಕಡೆಯವರಿಗೆ ಬಿ.ಜಿ. ನಗರದ ವೈದ್ಯಕೀಯ ಕಾಲೇಜು ಇದೆ, ಒಪ್ಪಿದೆವು. ಆದರೆ ರಾತ್ರಿ ಎರಡು ಗಂಟೆಗೆ ತಾಲ್ಲೂಕಿನ ಮೂಲೆಯ ಹಳ್ಳಿಯಿಂದ ಅಲ್ಲಿಗೆ ಹೋಗುವುದು ಹೇಗೆ? ಕಾರುಳ್ಳವನು ಕಾರು ಹತ್ತುತ್ತಾನೆ. ಸೈಕಲ್ಲುಳ್ಳವನು?

ಪುನೀತರ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆಯನ್ನು ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ದೂರದ ತಜ್ಞರಿಗೆ ಕಳಿಸುವುದು, ಅವರು ಹೇಳಿದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಬಿಟ್ಟಿಯಾಗಿ ಚುಚ್ಚುವುದು, ಆಮೇಲೆ ದೊಡ್ಡಾಸ್ಪತ್ರೆಗೆ ಸಾಗಿಸುವುದು. ಹೊರಗೆ ಕೊಂಡರೆ ಹತ್ತಾರು ಸಾವಿರ ಬಾಳುವ ಮದ್ದು ಅದು. ಯೋಜನೆ ಒಳ್ಳೆಯದೇ, ನಾವು ಮೆಚ್ಚುತ್ತೇವೆ. ಆದರೆ ಭಾಷಣದಲ್ಲಿರುವ ಇಂಜೆಕ್ಷನ್ ಪ್ರಾಣ ಉಳಿಸುವುದಿಲ್ಲ. ಅದು ಬೀರುವಿನಲ್ಲಿರಬೇಕು. ಬೀರುವಿನ ಬೀಗದ ಕೈ ರಾತ್ರಿ ಪಾಳಿಯವರ ಹತ್ತಿರ ಇರಬೇಕು. ಇ.ಸಿ.ಜಿ. ತೆಗೆಯಬಲ್ಲವರು ಭಾನುವಾರವೂ ಇರಬೇಕು, 108ರ ಗಾಡಿ ಕರೆದೊಡನೆ ಬರಬೇಕು.

1948ರ ಇ.ಎಸ್.ಐ. ಕಾನೂನು ಕಾರ್ಖಾನೆಯ ಕಾರ್ಮಿಕನ ಕೈಗೆ ಒಂದು ಚೀಟಿಯನ್ನಾದರೂ ಕೊಟ್ಟಿತು. ಪೇಟೆ ಬೀದಿಯ ಸಣ್ಣ ಅಂಗಡಿಯವನಿಗೆ, ಆಲೆಮನೆಯಲ್ಲಿ ಬೆಲ್ಲ ಬೇಯಿಸುವವನಿಗೆ ಆ ಚೀಟಿಯೂ ಇಲ್ಲ. ಅವನ ಪಾಲಿಗೆ ಉಳಿದಿರುವುದು ಈ ಸರ್ಕಾರಿ ಆಸ್ಪತ್ರೆಯ ಬಾಗಿಲೊಂದೇ. ಆದುದರಿಂದ ಇದು ಗಿರಣಿಯವರ ಜಗಳ, ಅದು ಅಂಗಡಿಯವರ ಜಗಳ ಎಂಬ ಭೇದ ಇಲ್ಲಿ ಸಲ್ಲದು.

ಸೈಕಲ್ ಗುಂಪಿನ ಗೆಳೆಯರಿಗೂ ಒಂದು ಮಾತು. ಸಂಗಡಿಗನ ಭಾವಚಿತ್ರಕ್ಕೆ ಹಾರ ಹಾಕಿ, ಬಿಳಿ ಬಟ್ಟೆ ತೊಟ್ಟು ಒಂದು ಸುತ್ತು ಹೋಗಿ ಬಂದರೆ ಸಾಲದು. ಉಸಿರು ನಿಂತು ಬಿದ್ದವನ ಎದೆಯ ನಡುವೆ ಎರಡೂ ಅಂಗೈ ಇಟ್ಟು, ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ, ಗಾಡಿ ಬರುವವರೆಗೂ ಬಿಡದೆ ಒತ್ತುವುದನ್ನು ಗುಂಪಿನ ಪ್ರತಿಯೊಬ್ಬರೂ ಕಲಿಯಿರಿ. ನಿಮ್ಮ ದಾರಿಯಲ್ಲೇ ಸಿಗುವ ಪಾಳಿಯ ಕಾರ್ಮಿಕರಿಗೂ ಕಲಿಸಿ. ಮೈದಾನದಲ್ಲಿ ಅರ್ಧ ದಿನದ ಕೆಲಸ.

ಮಿತ್ರರೇ, ನಾಲ್ಕು ತಾಲ್ಲೂಕುಗಳ ಆಸ್ಪತ್ರೆಗಳಲ್ಲೂ ಆರೋಗ್ಯ ರಕ್ಷಾ ಸಮಿತಿ ಎಂಬುದೊಂದಿದೆ. ನಾಲ್ಕು ಜನ ಕೂಡಿ ಹೋಗಿ ಮೂರು ಪ್ರಶ್ನೆ ಬರೆದುಕೊಡಿ: ಇಂಜೆಕ್ಷನ್ ಎಷ್ಟಿದೆ, ರಾತ್ರಿ ಇ.ಸಿ.ಜಿ. ತೆಗೆಯುವವರು ಯಾರು, ಕಳೆದ ವರ್ಷ ಎಷ್ಟು ಜನರಿಗೆ ಚುಚ್ಚಿದರು? ಅರ್ಜಿಗೆ ಮೊಹರು ಹಾಕಿಸಿಕೊಂಡೇ ಹೊರಗೆ ಬನ್ನಿ. ಬಂದ ಉತ್ತರವನ್ನು, ಬರದಿದ್ದರೆ ಬರಲಿಲ್ಲವೆಂಬುದನ್ನು, ನಾವು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.