ಆರೈಕೆ ಯಾರ ಹೆಗಲಿಗೆ?

ಭಾಗಮಂಡಲದ ಮಳೆಗಾಲವೆಂದರೆ ಕಿಟಕಿ ಬಾಗಿಲು ಮುಚ್ಚಿ ಮನೆಮಂದಿಯೆಲ್ಲ ಒಲೆಯ ಸುತ್ತ ಸೇರುವ ಕಾಲ. ಕೆಮ್ಮಿದವರ, ಮಾತಾಡಿದವರ ಉಸಿರಿನ ಕಣಗಳು ಹೊರಹೋಗಲು ದಾರಿಯಿಲ್ಲದೆ ಅಲ್ಲೇ ತೇಲುತ್ತವೆ. ಕೊರೊನಾ ಮನೆಯೊಳಗೆ ಹರಡುವುದು ಮುಖ್ಯವಾಗಿ ಹೀಗೆ.

ಲಕ್ಷಣ ಕಡಿಮೆಯಿದ್ದವರು ಮನೆಯಲ್ಲೇ ಪ್ರತ್ಯೇಕವಾಗಿರಿ ಎಂದು 2020ರಲ್ಲಿ ಸರ್ಕಾರ ಹೇಳಿತು. ಕಾಫಿ ತೋಟದ ಲೈನ್ ಮನೆಯಲ್ಲಿ ಪ್ರತ್ಯೇಕ ಕೋಣೆ ಎಲ್ಲಿದೆ? ದಿನದ 24 ಗಂಟೆಯೂ ನೋಡಿಕೊಳ್ಳುವವರೊಬ್ಬರು ಇರಬೇಕೆಂದೂ ಹೇಳಿತು. ಆ ‘ಒಬ್ಬರು’ ಯಾರು? ಗಂಡ ಮಲಗಿದರೆ ಹೆಂಡತಿ, ಅತ್ತೆ ಮಲಗಿದರೆ ಸೊಸೆ! ಗಂಜಿ ಕುಡಿಸಿ, ಬಟ್ಟೆ ಒಗೆದು, ರಾತ್ರಿಯಿಡೀ ಪಕ್ಕದಲ್ಲಿ ಕೂತವಳಿಗೆ ರೋಗ ಅಂಟದಿದ್ದೀತೇ? ಅವಳಿಗೆ ಮಾತ್ರ ಮಲಗುವ ಅವಕಾಶವಿಲ್ಲ. ಜ್ವರದಲ್ಲೇ ಒಲೆ ಹಚ್ಚುತ್ತಾಳೆ. ಅವಳಿಂದ ಮಕ್ಕಳಿಗೆ ಅಂಟುತ್ತದೆ. ಕೊನೆಗೆ ‘ಇವಳೇ ರೋಗ ತಂದಳು’ ಎಂಬ ಬೈಗುಳ, ಕೆಲವೆಡೆ ಹೊಡೆತ. ಲಾಕ್‌ಡೌನ್ ಆದಾಗ ಹೊಡೆಯುವ ಗಂಡನ ಜೊತೆಗೇ ಅವಳನ್ನು ಕೂಡಿಹಾಕಿದೆವು. ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಕೌಟುಂಬಿಕ ಹಿಂಸೆಯ ದೂರುಗಳು ಹೆಚ್ಚಿದ್ದು ಆಗಲೇ.

ಕಿಟಕಿ ತೆರೆಯಿರಿ, ಮುಖಗವಸು ಹಾಕಿ ಎಂದಷ್ಟೇ ಹೇಳಿದರೆ ಸಾಲದು. ಗಂಡಸರೂ ಗಂಜಿ ಬೇಯಿಸಲಿ, ರೋಗಿಯ ಸೇವೆ ಮಾಡಲಿ. ಜ್ವರ ಬಂದ ಹೆಣ್ಣಿಗೂ ಮಲಗುವ ಹಕ್ಕಿದೆ. ಸಹೋದರಿಯರೇ, ಆ ಹಕ್ಕನ್ನು ಕೇಳಿ ಪಡೆಯೋಣ.