ಜ್ವರ ಬಾರದ ಗಾಯ

ಕಳೆದ ಆಷಾಢದಲ್ಲಿ ನಮ್ಮ ಅತ್ತಿಗೆ ಈಳಿಗೆಮಣೆಯಲ್ಲಿ ಹೆಬ್ಬೆರಳು ಕೊಯ್ದುಕೊಂಡರು. ಅವರಿಗೆ ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾನು ಹಣೆ ಮುಟ್ಟಿ, “ಮೈ ತಣ್ಣಗಿದೆಯಲ್ಲ ಅತ್ತಿಗೆ, ಅರಿಶಿನ ಹಚ್ಚಿಕೊಳ್ಳಿ, ಮಾಯುತ್ತೆ” ಅಂದೆ. ಐದನೆಯ ದಿನಕ್ಕೆ ಕೈ ಮಣಿಕಟ್ಟಿನವರೆಗೆ ಊದಿ ಕೀವು ತುಂಬಿತ್ತು. ಜ್ವರ ಮಾತ್ರ ಇಲ್ಲ! ಹನ್ನೊಂದು ದಿನ ಆಸ್ಪತ್ರೆ. ನನ್ನ ಜಾಣತನದಿಂದಲೇ ಹೀಗಾಯ್ತಲ್ಲ ಅಂತ ನನಗೆ ತುತ್ತು ಇಳಿಯಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ, ಕೂರಿಸಿಕೊಂಡು ವಿವರಿಸಿದರು. ಮೂತ್ರಪಿಂಡ ಬರೀ ಸೋಸುವ ಜರಡಿ ಅಂತ ನಾವು ತಿಳಿದಿರುತ್ತೇವೆ. ವಿಟಮಿನ್ ‘ಡಿ’ಯನ್ನು ಹಾರ್ಮೋನಾಗಿ ಹದಮಾಡುವುದೂ ಅದರದೇ ಕೆಲಸವಂತೆ. ಅದು ಸೋತರೆ ಈ ‘ಡಿ’ ತಗ್ಗುತ್ತದೆ, ರಕ್ತದಲ್ಲಿ ರಂಜಕ ಏರುತ್ತದೆ. ಆಗ ಕತ್ತಿನಲ್ಲಿ ಅಕ್ಕಿಕಾಳಿನಷ್ಟೇ ಇರುವ ನಾಲ್ಕು ಪ್ಯಾರಾಥೈರಾಯಿಡ್ ಗ್ರಂಥಿಗಳು ಕೆರಳಿ ತಮ್ಮ ಹಾರ್ಮೋನನ್ನು ಮಿತಿಮೀರಿ ಸುರಿಸುತ್ತವೆ. ಮೂಳೆ ಸವೆಯುವುದು ನಮಗೆ ಗೊತ್ತಿತ್ತು. ಬಿಳಿ ರಕ್ತಕಣಗಳೂ ಇದರಿಂದ ಕೆಡುತ್ತವೆ ಅನ್ನೋದು ನನಗೆ ಹೊಸದು. ಕಣದ ಒಳಗೆ ಸುಣ್ಣದಂಶ ಹೊರಗಿಗಿಂತ ಸುಮಾರು 10,000 ಪಟ್ಟು ಕಡಿಮೆ ಇರಬೇಕು; ರೋಗಾಣು ಕಂಡಾಗ ಅದು ಥಟ್ಟನೆ ಏರುವುದೇ ಕಣಕ್ಕೆ ‘ಏಳು, ಹಿಡಿ’ ಅನ್ನುವ ಕರೆ. ಈ ಹಾರ್ಮೋನು ಹೆಚ್ಚಾದರೆ ಸುಣ್ಣದಂಶ ಸದಾ ಏರಿಯೇ ಇರುತ್ತದೆ. ಹಗಲೂ ರಾತ್ರಿ ಗಂಟೆ ಬಾರಿಸುತ್ತಿದ್ದರೆ ಯಾರು ತಾನೇ ಎದ್ದು ಬರ್ತಾರೆ? ಕಣ ರೋಗಾಣುವನ್ನು ನುಂಗುವುದರಲ್ಲಿ ಮಂಕಾಗುತ್ತದೆ. ಸೋಸದೆ ಉಳಿದ ಕಶ್ಮಲದ ಪಾಲೂ ಇದರಲ್ಲಿದೆಯಂತೆ. ಇಂಥವರಿಗೆ ಸೋಂಕಾದರೂ ಜ್ವರ ಏರದೇ ಇರಬಹುದು. ಲಸಿಕೆಯೂ ಸುಲಭಕ್ಕೆ ಹತ್ತುವುದಿಲ್ಲ. ಅದಕ್ಕೇ ಹೆಪಟೈಟಿಸ್ ‘ಬಿ’ ಲಸಿಕೆಯನ್ನು ಅತ್ತಿಗೆಗೆ ಮಾಮೂಲಿ 20ರ ಬದಲು 40 ಮೈಕ್ರೋಗ್ರಾಂ ಕೊಟ್ಟಿದ್ದರು.

“ಊಟದ ಮಾತ್ರೆ ಸರಿಯಾಗಿ ತಗೋತಿದ್ದೀರಾ?” ಅಂತ ಡಾಕ್ಟರಮ್ಮ ಕೇಳಿದಾಗ ಅತ್ತಿಗೆ ತಲೆ ತಗ್ಗಿಸಿದರು. ಆಮೇಲೆ ನನ್ನ ಕಿವಿಯಲ್ಲಿ, “ಮೂರು ಹೊತ್ತೂ ಯಾರು ನುಂಗ್ತಾರೆ ಅಂತ ರಾತ್ರಿ ಹಾಲಿನ ಜೊತೆ ಒಟ್ಟಿಗೇ ನುಂಗ್ತಿದ್ದೆ ಕಣೇ” ಅಂದರು. ಹಾಲಿನಲ್ಲೇ ರಂಜಕ ಧಾರಾಳ! ಆ ಮಾತ್ರೆ ಹೊಟ್ಟೆಯಲ್ಲೇ ಊಟದ ರಂಜಕವನ್ನು ಕಟ್ಟಿಹಾಕುವಂಥದ್ದು. ಅನ್ನದ ಜೊತೆಗೇ ಹೋಗಬೇಕು.

ಮನೆಯಲ್ಲಿ ಇಂಥವರಿದ್ದರೆ ಸಣ್ಣ ಗಾಯಕ್ಕೂ ಅದೇ ದಿನ ಡಾಕ್ಟರಿಗೆ ತೋರಿಸಿ, ನನ್ನ ಹಾಗೆ ಹಣೆ ಮುಟ್ಟಿ ಸುಮ್ಮನಾಗಬೇಡಿ. ‘ಡಿ’ ಮಾತ್ರೆಯನ್ನು ನೀವೇ ಅಂಗಡಿಯಿಂದ ತಂದು ಕೊಡಲೂ ಬೇಡಿ. ಅತ್ತಿಗೆಗೆ ಈಗ ಈಳಿಗೆ ಮುಟ್ಟಲು ಬಿಡುವುದಿಲ್ಲ. ಅವರ ಎಲೆಯ ತುದಿಗೆ ಉಪ್ಪು ಬಡಿಸುವುದು ನಿಂತು ಎರಡು ವರ್ಷವಾಯಿತಲ್ಲ, ಆ ಜಾಗದಲ್ಲಿ ನಾನೇ ಮಾತ್ರೆ ಇಟ್ಟು ಆಮೇಲೆ ಅನ್ನ ಬಡಿಸುತ್ತೇನೆ.